ಕೆಲಸಕ್ಕೆ ಮೊದಲೇ ಬಂದ ದುಡ್ಡು

ಶಿಡ್ಲಘಟ್ಟದ ಕಡೆಯ ಮಕ್ಕಳಿಗೆ ಹುಳು ಮನೆ, ಅಂದರೆ ರೇಷ್ಮೆ ಹುಳು ಸಾಕುವ ಮನೆ, ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಚಾಕಿ ಹುಳುವಿಗೆ (ಮೊಟ್ಟೆಯೊಡೆದ ಹೊಸದರ ಎಳೆಯ ಹುಳು) 26ರಿಂದ 28 ಡಿಗ್ರಿ ಶಾಖ ಬೇಕು, ಗಾಳಿಯಲ್ಲಿ ತೇವ ಶೇ. 85ರ ಆಸುಪಾಸಿನಲ್ಲಿರಬೇಕು. ಹುಳು ಬೆಳೆದಂತೆ ಎರಡೂ ಇಳಿಯಬೇಕು. ಚಳಿಯ ಜೊತೆ ತೇವ ಜಾಸ್ತಿಯಾದರೆ ಸುಣ್ಣಕಟ್ಟು ರೋಗ, ಹುಳು ಸತ್ತು ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಅಮ್ಮ ರಾತ್ರಿ ಎದ್ದೆದ್ದು ಹೋಗಿ ನೋಡುತ್ತಿದ್ದರು. ಬೇಸಿಗೆಯಲ್ಲಿ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುತ್ತಿದ್ದರು, ಚಳಿಗಾಲದಲ್ಲಿ ಇದ್ದಿಲ ಒಲೆ ಇಡುತ್ತಿದ್ದರು. ಹದ ತಪ್ಪಿದ ಕೂಡಲೇ ತಾನೇ ಕೂಗಿ ಎಬ್ಬಿಸುವ ಒಂದು ಪೆಟ್ಟಿಗೆ ಮಾಡಬೇಕು ಅಂತ ನನಗೆ ಅನ್ನಿಸಿದ್ದು ನಮ್ಮ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ.

ವಿಜ್ಞಾನ ಮೇಷ್ಟ್ರು ಅದನ್ನು ಇನ್‌ಸ್ಪೈರ್ ಅವಾರ್ಡ್ ಮಾನಕ್‌ಗೆ ಕಳಿಸಿದರು. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆ ಅದು. ಆಗ 6ರಿಂದ 10ನೇ ತರಗತಿಯ ಮಕ್ಕಳಿಗೆ ಇತ್ತು. ಐಡಿಯಾ ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ನಮಗಿಂತ ಹಿರಿಯ ಬ್ಯಾಚುಗಳ ಕಾಲದಲ್ಲಿ ಇದು 5,000 ಇತ್ತು.

ಹೆಸರಲ್ಲಿ ಅವಾರ್ಡ್ ಅಂತ ಇದ್ದರೂ ಇದು ಬಹುಮಾನದ ಹಾಗಲ್ಲ. ಪ್ರತಿಭಾ ಕಾರಂಜಿಯಲ್ಲಿ ಹಾಡಿದ ಮೇಲೆ, ಓಟದಲ್ಲಿ ಗೆದ್ದ ಮೇಲೆ ಬಹುಮಾನ ಕೊಡುತ್ತಾರೆ. ಇಲ್ಲಿ ನಾನಿನ್ನೂ ಏನೂ ಮಾಡಿರಲಿಲ್ಲ. ಒಂದು ಹಾಳೆಯಲ್ಲಿ ಬರೆದದ್ದನ್ನು ಓದಿ, ಈ ಹುಡುಗಿ ಮಾಡುತ್ತಾಳೆ ಅಂತ ನಂಬಿ ಕೊಟ್ಟಿದ್ದರು. ಹದಿನಾಲ್ಕು ವರ್ಷದವಳಿಗೆ ಅದು ಎಷ್ಟು ದೊಡ್ಡ ಮಾತು ಅಲ್ವಾ!

ಮೆಸೇಜ್ ಬಂದದ್ದು ಅಪ್ಪನ ಫೋನಿಗೆ. ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ಕೊಳ್ಳುವುದಕ್ಕೇ ಸಾಲ ಮಾಡುವ ಮನೆ ನಮ್ಮದು. ಆ ದುಡ್ಡನ್ನು ಮನೆಗೆ ಬಳಸಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಅಪ್ಪ, "ನಿನ್ನ ದುಡ್ಡು, ಏನು ತರಬೇಕೋ ಬರ್ಕೋ" ಅಂದರು. ಇಬ್ಬರೂ ಬಸ್ಸಿನಲ್ಲಿ ಎಲೆಕ್ಟ್ರಾನಿಕ್ ಸಾಮಾನು ಸಿಗುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಆರ್ಡುಯಿನೊ ಬೋರ್ಡು (ನಾವು ಬರೆದ ಪ್ರೋಗ್ರಾಂನಂತೆ ಕೆಲಸ ಮಾಡುವ ಪುಟ್ಟ ಸರ್ಕ್ಯೂಟು), ಶಾಖ ಮತ್ತು ತೇವ ಅಳೆಯುವ ಸೆನ್ಸರು, ಬಜರ್ ಎಲ್ಲಕ್ಕೂ ರೇಟು ಕೇಳಿದ್ದು ನಾನೇ. ಒಂದು ಅಂಗಡಿಯಲ್ಲಿ ಚೌಕಾಸಿ ಮಾಡಿ ಇನ್ನೊಂದಕ್ಕೆ ಹೋದೆ. ಅಪ್ಪ ಸುಮ್ನೆ ಪಕ್ಕದಲ್ಲಿ ನಿಂತಿದ್ದರು. ಖರ್ಚೆಲ್ಲ ಮೇಷ್ಟ್ರು ಕೊಟ್ಟ ನೋಟ್‌ಬುಕ್ಕಿನಲ್ಲಿ ರಸೀದಿ ಅಂಟಿಸಿ ಬರೆದಿಟ್ಟೆ.

ಜಿಲ್ಲಾ ಮಟ್ಟದ ಪ್ರದರ್ಶನದಲ್ಲಿ ಒಬ್ಬ ಜಡ್ಜ್, "ಕರೆಂಟ್ ಹೋದರೆ?" ಎಂದು ಕೇಳಿದರು. ನಮ್ಮೂರಲ್ಲಿ ಕರೆಂಟ್ ಹೋಗುವುದೇ ರಾತ್ರಿ ಹೊತ್ತು! ರಾಜ್ಯ ಮಟ್ಟಕ್ಕೆ ನನ್ನ ಮಾದರಿ ಹೋಗಲಿಲ್ಲ. ಆದರೆ ದುಡ್ಡು ಇನ್ನೂ ಉಳಿದಿತ್ತು, ಪ್ರಶ್ನೆಯೂ ಉಳಿದಿತ್ತು. ಬ್ಯಾಟರಿ ತಂದು ಸೇರಿಸಿದೆ. ಆಮೇಲೆ ಅದನ್ನು ನಮ್ಮ ಹುಳು ಮನೆಯಲ್ಲೇ ಇಟ್ಟೆವು. ಬಜರ್ ಕೂಗಿದಾಗ ಮಾತ್ರ ಅಮ್ಮ ಏಳುತ್ತಿದ್ದರು. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆಗೆ ಬಿಡುವ ಹೊತ್ತಿಗೆ ಅಕ್ಕಪಕ್ಕದವರೂ ಬಂದು ನೋಡಿಕೊಂಡು ಹೋದರು. ನನಗೆ ಅದು ಯಾವ ಪ್ರದರ್ಶನಕ್ಕೂ ಕಡಿಮೆಯದಾಗಿರಲಿಲ್ಲ.

ಒಂದು ಬೇಸರ ಮಾತ್ರ ಈಗಲೂ ಇದೆ. ಒಂದು ಶಾಲೆಯಿಂದ ಕೆಲವೇ ಐಡಿಯಾಗಳನ್ನು ಕಳಿಸಬಹುದು. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳತಿಯ ಐಡಿಯಾ ನನ್ನದಕ್ಕಿಂತ ಚೆನ್ನಾಗಿತ್ತು. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವಾಗ ಅವಳ ಅಮ್ಮನ ಬೆರಳು ಬಿಸಿನೀರಿನಲ್ಲಿ ಬೆಂದು ಬಿಳಿಚಿಕೊಳ್ಳುತ್ತಿತ್ತು. ಅದಕ್ಕೊಂದು ಉಪಾಯ ಹುಡುಕಿದ್ದಳು. ಅವಳಿಗೆ ಬೇಕಿದ್ದದ್ದು ಎಂಟುನೂರೋ ಸಾವಿರವೋ ರೂಪಾಯಿ. ಯಾರೂ ಕೊಡಲಿಲ್ಲ, ಅದು ನೋಟ್‌ಬುಕ್ಕಿನಲ್ಲೇ ಉಳಿಯಿತು.

ಅದಕ್ಕೇ ನಮ್ಮ ಬ್ಯಾಚಿನವರು ಸೇರಿ ನಮ್ಮ ಶಾಲೆಯ ಮಕ್ಕಳಿಗಾಗಿ ಸ್ವಲ್ಪ ದುಡ್ಡು ಕೂಡಿಸಿದ್ದೇವೆ. ಒಬ್ಬರಿಗೆ 2,000 ರೂಪಾಯಿವರೆಗೆ ಕೊಡುತ್ತೇವೆ, ಕೆಲಸ ಶುರುವಾಗುವ ಮೊದಲೇ ಕೊಡುತ್ತೇವೆ. ವಿಜ್ಞಾನವೇ ಆಗಬೇಕೆಂದಿಲ್ಲ. ನಾಟಕಕ್ಕೆ ಪರದೆ, ಊರಿನ ಹಳೇ ಹಾಡು ರೆಕಾರ್ಡ್ ಮಾಡಲು ಮೈಕು, ಕೋಳಿ ಗೂಡು, ಏನಾದರೂ ಸರಿ. ಕೆಟ್ಟುಹೋದರೆ ವಾಪಸ್ ಕೇಳುವುದಿಲ್ಲ. ರಸೀದಿ ಅಂಟಿಸಿದ ನೋಟ್‌ಬುಕ್ ತೋರಿಸಿದರೆ ಸಾಕು. ಅರ್ಜಿ ಒಂದೇ ಪುಟ, ನೀವು ಮಾತಾಡುವ ಕನ್ನಡದಲ್ಲೇ ಬರೆದು ಮೇಷ್ಟ್ರ ಹತ್ತಿರ ಕೊಡಿ.