ಕತ್ತಲೆಕಾನಿನಿಂದ ಅಘನಾಶಿನಿಯ ಅಳಿವೆಯವರೆಗೆ: ನಿಸರ್ಗ ಬಳಗದ ಈವರೆಗಿನ ಕೆಲಸ

ನಮ್ಮ ಕಾಲೇಜಿನ ನಿಸರ್ಗ ಬಳಗ ಈ ವರ್ಷ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟಿದೆ: ಸದಾ ನೀರು ನಿಂತು ಗಾಳಿಯಾಡದ ಕೆಸರಿನಲ್ಲಿ ಮರ ಬದುಕುವುದು ಹೇಗೆ? ಹಿಂದಿನ ಪ್ರವಾಸಗಳಲ್ಲಿ ವಿದ್ಯಾರ್ಥಿಗಳು ಹಕ್ಕಿ, ಚಿಟ್ಟೆ, ಮರಗಳ ಹೆಸರುಗಳನ್ನು ಪುಟಗಟ್ಟಲೆ ಬರೆದುಕೊಂಡು ಬರುತ್ತಿದ್ದರು. ಹೆಸರು ತಿಳಿಯುವುದು ಅಗತ್ಯವೇ, ಆದರೆ ಆ ಪಟ್ಟಿಯಿಂದ ಉತ್ತರ ಕನ್ನಡದ ನೆಲ ಅರ್ಥವಾಗುತ್ತಿರಲಿಲ್ಲ.

ಮೊದಲು ಹೋದದ್ದು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ನಿತ್ಯಹರಿದ್ವರ್ಣ ಕಾಡಿಗೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ತೊರೆಯ ಬದಿಯ ರಾಂಪತ್ರೆ ಜಡ್ಡಿಯೊಂದರ (ಕಾಡುಜಾಯಿಕಾಯಿ ಬಳಗದ ಮರಗಳು ಬೆಳೆಯುವ ಜೌಗು ನೆಲ) ಅಂಚಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತು ಬೇರುಗಳ ಚಿತ್ರ ಬರೆಯುವುದಷ್ಟೇ ಅಂದಿನ ಕೆಲಸವಾಗಿತ್ತು. ಇದೇ ಬಳಗದ ಜಿಮ್ನಾಕ್ರಾಂತೆರಾ ಮರದ ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗೇ ಇಳಿಯುತ್ತದೆ. ಅದೇ ಬಳಗದ ಮಿರಿಸ್ಟಿಕಾ ಮರಗಳು ಕಾಂಡದ ಬುಡದಿಂದಲೇ ಊರುಗೋಲು ಬೇರುಗಳನ್ನು ಇಳಿಬಿಟ್ಟಿವೆ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು 10,000 ಪಟ್ಟು ಕಡಿಮೆಯಾದ್ದರಿಂದ, ಬೇರು ಉಸಿರಾಡಬೇಕೆಂದರೆ ಹೀಗೆ ಹೊರಗೆ ಬರಲೇಬೇಕು. 2000ದಲ್ಲಿ ವಿಜ್ಞಾನಕ್ಕೆ ಪರಿಚಯವಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಗೇರಿನ ಬಳಗದ ಮರಕ್ಕೆ ಈ ಕಾನಿನದೇ ಹೆಸರು ಎಂದು ತಿಳಿದಾಗ ಮಕ್ಕಳ ಮುಖದಲ್ಲಿ ಮೂಡಿದ ಹೆಮ್ಮೆ ನನಗೂ ಸಂತೋಷ ತಂದಿತು.

ರಾಂಪತ್ರೆ ಮರದ ಕೆಳಗೆ ಬಿದ್ದಿದ್ದ ಒಂದು ಕಾಯಿ ಎರಡು ಹೋಳಾಗಿ ಬಿರಿದಿತ್ತು. ಒಳಗಿನ ಕಂದು ಬೀಜವನ್ನು ಪತ್ರೆ ಎಂಬ ಕೆಂಪು ಹೊದಿಕೆ ಬಲೆಯಂತೆ ಹಿಡಿದುಕೊಂಡಿತ್ತು. ಆ ಪತ್ರೆಯ ಆಸೆಗೆ ಮಂಗಟ್ಟೆ ಹಕ್ಕಿಗಳು ಬೀಜವನ್ನು ಹೊತ್ತು ದೂರ ಹಾಕುತ್ತವೆ. ಆದರೆ ಈ ಬೀಜ ಒಣಗಿದರೆ ಮೊಳಕೆಯ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಭತ್ತದ ಹಾಗೆ ಕಣಜದಲ್ಲಿಟ್ಟು ಮುಂದಿನ ವರ್ಷ ಬಿತ್ತುವಂತಿಲ್ಲ. ಜಡ್ಡಿಯ ತೇವ ಆರಿದರೆ ಮುಂದಿನ ಪೀಳಿಗೆಯೇ ಇಲ್ಲ. ಬೇಸಿಗೆಯಲ್ಲೂ ನೀರು ಬತ್ತದ ಇಂಥ ತಗ್ಗುಗಳೇ ಗದ್ದೆಗೂ ಅಡಿಕೆ ತೋಟಕ್ಕೂ ಅನುಕೂಲವಾದ್ದರಿಂದ ಎಷ್ಟೋ ಜಡ್ಡಿಗಳು ಹಿಂದೆಯೇ ಅಳಿದುಹೋಗಿವೆ. ನಮ್ಮಲ್ಲಿ ಅಡಿಕೆ ಬೆಳೆಗಾರರ ಮನೆಯ ಮಕ್ಕಳೇ ಹೆಚ್ಚು. ತಮ್ಮ ತೋಟದ ಕಾಲುವೆ ಎಲ್ಲಿ ಹುಟ್ಟುತ್ತದೆ ಎಂದು ಊರಿನ ಹಿರಿಯರನ್ನು ಕೇಳಿ ನಕ್ಷೆ ಬರೆಯುವ ಕೆಲಸವನ್ನು ಅವರಿಗೆ ಒಪ್ಪಿಸಿದ್ದೇನೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಭಾಗ ಇದು. ಅಂದು ಸಿಂಗಳೀಕಗಳು ಕಾಣಲಿಲ್ಲ, ಉಂಬಳಗಳಂತೂ ಧಾರಾಳವಾಗಿದ್ದವು.

ಎರಡನೆಯ ಜಾಗ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ, 2024ರಲ್ಲಿ ರಾಮ್ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಜಾಗ. ನೀರಿಳಿತದ ಹೊತ್ತು ನೋಡಿಕೊಂಡು ಹೋದೆವು. ಮಹಿಳೆಯರು ಮೊಣಕಾಲಿನವರೆಗಿನ ನೀರಿನಲ್ಲಿ ನಿಂತು ಬೆಳಚು (ಚಿಪ್ಪುಮೀನು) ಆಯುತ್ತಿದ್ದರು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ, ಅವುಗಳಲ್ಲೊಂದಾದ ಅವಿಸೆನ್ನಿಯದ ಉಸಿರುಬೇರುಗಳು ಕೆಸರಿನಿಂದ ನೆಟ್ಟಗೆ ಎದ್ದಿದ್ದವು. ಒಂದರ ಮೇಲೆ ಭೂತಗನ್ನಡಿ ಹಿಡಿದಾಗ ಸಿಪ್ಪೆಯ ಮೇಲಿನ ಸಣ್ಣ ಗಾಳಿರಂಧ್ರಗಳು ಕಂಡವು. ಕಾನಿನ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದ ವಿದ್ಯಾರ್ಥಿನಿಯೊಬ್ಬಳು, ಇಲ್ಲಿನ ರೈಜೋಫೊರಾ ಎಂಬ ಕಾಂಡ್ಲಾದ ಬೀಜಗಳು ಮರದ ಮೇಲೆಯೇ ಮೊಳೆತು ತೂಗುವುದನ್ನು ತೋರಿಸಿ, ಎರಡೂ ಕಡೆ ಬೀಜಕ್ಕೆ ಕಾಯುವಷ್ಟು ಪುರುಸೊತ್ತಿಲ್ಲ ಎಂದಳು. ನಿಕಟ ಸಂಬಂಧವಿಲ್ಲದ ಮರಗಳು ಒಂದೇ ಬಗೆಯ ಕಷ್ಟಕ್ಕೆ ಹತ್ತಿರದ ಉತ್ತರಗಳನ್ನು ಕಂಡುಕೊಂಡಿವೆ ಎಂಬುದು ಪಾಠದಲ್ಲಿ ಎಷ್ಟು ಹೇಳಿದರೂ ಹೀಗೆ ಮನಸ್ಸಿಗೆ ಇಳಿಯುತ್ತಿರಲಿಲ್ಲ. ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಉಪ್ಪುನೀರು ಎಂಬ ವ್ಯತ್ಯಾಸವನ್ನು ನಾವಿನ್ನೂ ಸರಿಯಾಗಿ ಮುಟ್ಟಿಲ್ಲ.

ಅದಕ್ಕೆಂದೇ ಮುಂದಿನ ಸಂಚಾರವನ್ನು ಮಳೆಗಾಲಕ್ಕೆ ಇಟ್ಟುಕೊಂಡಿದ್ದೇವೆ. ಹೊಳೆ ತುಂಬಿ ಅಳಿವೆಯ ಉಪ್ಪು ಇಳಿಯುವ ಆ ತಿಂಗಳುಗಳಲ್ಲೇ ಗಜನಿಯಲ್ಲಿ (ಅಳಿವೆಯ ದಡದ ಉಪ್ಪುನೀರು ನುಗ್ಗುವ ಗದ್ದೆ) ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಅದೇ ದಡದ ಗುರುತಿಟ್ಟ ಜಾಗಗಳಲ್ಲಿ ನೀರಿನ ಲವಣಾಂಶವನ್ನು ಅಳೆದು ಬೇಸಿಗೆಯ ಅಂಕಿಗಳ ಪಕ್ಕದಲ್ಲಿ ಬರೆಯಬೇಕು, ಕಗ್ಗ ಬೆಳೆಯುವ ರೈತರ ಜೊತೆ ಒಂದು ದಿನ ಗದ್ದೆಯಲ್ಲಿರಬೇಕು. ಕಾಲುವೆಗಳ ನಕ್ಷೆಗಳೂ ಅಷ್ಟರೊಳಗೆ ಕೈಸೇರಬೇಕು.