ಪಲ್ಪರ್ ಹಿಡಿ: ಮೂರನೇ ಸಲ ಗುಳ್ಳೆ ಬರಲಿಲ್ಲ

ಕಕ್ಕಡದ (ನಮ್ಮ ಕೊಡವ ತಿಂಗಳು, ಜುಲೈ-ಆಗಸ್ಟ್) ಮಳೆ. ಮಡಿಕೇರಿ ಹತ್ತಿರದ ನಮ್ಮ ತೋಟದಲ್ಲಿ ಈಗ ಹೊರಗಿನ ಕೆಲಸ ಕಡಿಮೆ. ಹಳೆ ಕಾಫಿ ಪಲ್ಪರ್‌ನ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಹಾಪರ್ ಗೇಟಿನ, ಅಂದರೆ ಹಣ್ಣು ಸುರಿಯುವ ತೊಟ್ಟಿಯ ಬಾಗಿಲಿನ, ಹಿಡಿ ಮುರಿದು ಎರಡು ವರ್ಷವಾಯಿತು, ಈ ಸಲ ಅದನ್ನು ಎರಕ ಹೊಯ್ಯೋಣ ಅಂತ ಕೂತೆ.

ಮುರಿದದ್ದನ್ನೇ ಅಂಟಿಸಿ ಸಿಲಿಕೋನ್ ಅಚ್ಚು ತೆಗೆದೆ. ಬರೀ ಪಾಲಿಯುರೆಥೇನ್ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರೆಸಿನ್) ಸುರಿದ ಮೊದಲ ಹಿಡಿ ನೋಡೋಕೆ ಚೆನ್ನ, ಎಳೆದರೆ ಬಾಗುತ್ತದೆ. ಒಂದು ತುದಿ ವೈಸ್‌ಗೆ ಕಚ್ಚಿಸಿ ಇನ್ನೊಂದಕ್ಕೆ 2 ಕಿಲೋ ತೂಗುಹಾಕಿದರೆ 9 ಮಿ.ಮೀ. ಜಗ್ಗಿತು.

ಬಾಗದಿರಲಿ ಅಂತ ಎರಡನೇ ಸಲ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿದೆ, ಒಟ್ಟು ತೂಕದ ಶೇ. 30. ಹತ್ತೇ ನಿಮಿಷದಲ್ಲಿ ಅಚ್ಚಿನಿಂದ ಉಕ್ಕಿ ಬಂತು. ಕೊಯ್ದು ನೋಡಿದರೆ ಒಳಗೆಲ್ಲ ಇಡ್ಲಿಯಂತೆ ತೂತು! ತಪ್ಪು ರೆಸಿನ್ನಿನದಲ್ಲ, ನನ್ನದು. ಪುಡಿಯ ಚೀಲ ಬಾಯಿ ತೆರೆದು ಸ್ಟೋರಿನಲ್ಲಿ ಒಂದು ತಿಂಗಳಿತ್ತು. ರೆಸಿನ್ನಿನ ಎರಡು ದ್ರವಗಳಲ್ಲಿ ಒಂದು ಐಸೊಸಯನೇಟ್, ಅದಕ್ಕೆ ನೀರು ಸಿಕ್ಕರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ನಮ್ಮ ಮಳೆಗಾಲದಲ್ಲಿ ಉಪ್ಪೇ ನೀರಾಗುತ್ತದೆ, ಪುಡಿ ಸುಮ್ನೆ ಇರುತ್ತಾ?

ಅಡುಗೆಮನೆಯ ಓವನ್ ಮುಟ್ಟಬೇಡ ಅಂದರು ಅಮ್ಮ. ಶೆಡ್ಡಿನಲ್ಲಿದ್ದ ಹಳೆಯದರಲ್ಲಿ ಪುಡಿಯನ್ನು 120 ಡಿಗ್ರಿಗೆ ಮೂರು ಗಂಟೆ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಣಿಸಿದೆ. ಈ ಸಲ ಪುಡಿಯೂ ಬೇರೆ: ವೊಲಾಸ್ಟೊನೈಟ್. ರಾಜಸ್ಥಾನದಲ್ಲಿ ಸಿಗುವ ಬಿಳಿ ಖನಿಜ, ಕಣಗಳು ಸೂಜಿಯಾಕಾರ. ಬಲ ಬರುವುದು ಆ ಆಕಾರದಿಂದಲೇ. ಸೂಜಿಗಳು ಹರಿವಿನ ದಿಕ್ಕಿಗೆ ಮಲಗುತ್ತವೆ, ಹಾಗಾಗಿ ಹಿಡಿಯ ಒಂದು ತುದಿಯಿಂದ ಉದ್ದಕ್ಕೆ ಹರಿಯುವಂತೆ ಸುರಿದೆ. ಮೊದಲು ರೆಸಿನ್ನಿನ ಇನ್ನೊಂದು ದ್ರವವಾದ ಪಾಲಿಯಾಲ್‌ಗೆ ಪುಡಿ ಕಲಸಿ, ಆಮೇಲೆ ಐಸೊಸಯನೇಟ್. ಎರಡು ದ್ರವವೂ ತಲಾ 100 ಗ್ರಾಂ, ಪುಡಿ 50, ಅಂದರೆ ಒಟ್ಟು ತೂಕದ ಶೇ. 20. ರೆಸಿನ್ ಅನುಪಾತದ ಲೆಕ್ಕಕ್ಕೆ ಪುಡಿಯ ತೂಕ ಸೇರಿಸಬಾರದು. ಮಿಶ್ರಣ ದೋಸೆಹಿಟ್ಟಿಗಿಂತ ದಪ್ಪ, ಸುರಿಯೋಕೆ ತಾಳ್ಮೆ ಬೇಕು. ಮಾಸ್ಕ್ ಮರೆಯಬೇಡಿ, ದೂಳೂ ಕೆಟ್ಟದ್ದು, ಐಸೊಸಯನೇಟ್ ಆವಿ ಇನ್ನೂ ಕೆಟ್ಟದ್ದು.

ಗುಳ್ಳೆ ಇಲ್ಲ. ಅದೇ 2 ಕಿಲೋಗೆ 5 ಮಿ.ಮೀ. ಮಾತ್ರ ಜಗ್ಗಿತು. ಖುಷಿಯಲ್ಲಿ ಅಪ್ಪನಿಗೆ ತೋರಿಸಲು ಹೋಗಿ ಸಿಮೆಂಟ್ ಕಣದ ಮೇಲೆ ಬೀಳಿಸಿದೆ. ಬೋಲ್ಟ್ ತೂತಿನ ಮೂಲೆಯಲ್ಲಿ ಬಿರುಕು. ಬರೀ ರೆಸಿನ್ನಿನ ಹಿಡಿ ಬಿದ್ದಿದ್ದರೆ ಪುಟಿಯುತ್ತಿತ್ತು. ಬಾಗದಂತೆ ಮಾಡಿದಷ್ಟೂ ಪೆಟ್ಟು ತಡೆಯುವ ಶಕ್ತಿ ಕಡಿಮೆ, ಅಲ್ವಾ?

ಮುಂದಿನ ಎರಕಕ್ಕೆ ತೂತಿನಲ್ಲಿ ಹಿತ್ತಾಳೆ ಬುಷ್ (ಪುಟ್ಟ ಕೊಳವೆ) ಕೂರಿಸುತ್ತೇನೆ, ಮೂಲೆಯನ್ನು ದುಂಡಗೆ ಮಾಡುತ್ತೇನೆ, ಪುಡಿಯನ್ನು ಶೇ. 12ಕ್ಕೆ ಇಳಿಸುತ್ತೇನೆ. ಹಣ್ಣು ಕೊಯ್ಲಿಗೆ ಇನ್ನೂ ತಿಂಗಳುಗಳಿವೆ.