ಓಡುವ ಕಾರಿನಲ್ಲಿ ಕೇಳಿದ ಸಬ್‌ವೂಫರ್

ಸಬ್‌ವೂಫರನ್ನು, ಅಂದರೆ ತಳದ ನಾದಕ್ಕೆಂದೇ ಇರುವ ದೊಡ್ಡ ಸ್ಪೀಕರನ್ನು, ಬಯಲು ದಾರಿಯುದ್ದಕ್ಕೂ ತಕರಾರಿಲ್ಲದೆ ಹಾಡಿಸಿದ್ದ ಆಂಪ್ಲಿಫೈಯರ್ ಬೆಟ್ಟದ ಏರು ಶುರುವಾದ ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ಬಾಗಿಲಿನ ಸ್ಪೀಕರ್‌ಗಳು ಹಾಡುತ್ತಲೇ ಇದ್ದವು. ತಳದ ನಾದ ಮಾತ್ರ ಇಲ್ಲವಾಗಿತ್ತು. ಕಾರನ್ನು ಬದಿಗೆ ಹಾಕಿ ಮುಂದಿನ ಸೀಟಿನ ಕೆಳಗೆ ಟಾರ್ಚ್ ಹಿಡಿದು ನೋಡಿದರೆ, ನೆಲಹಾಸಿನಡಿ ಅರ್ಧ ಹುದುಗಿದ್ದ ಆಂಪ್ಲಿಫೈಯರಿನ ಮೇಲೆ ಹಸಿರು ದೀಪದ ಬದಲು ಕೆಂಪು ದೀಪ ಉರಿಯುತ್ತಿತ್ತು. ಅದರ ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಬೆರಳಿಡಲು ಆಗುತ್ತಿರಲಿಲ್ಲ. ತಣಿದ ಮೇಲೆ ತಾನಾಗಿಯೇ ಜೀವ ಬಂತು, ಮುಂದಿನ ಏರಿನಲ್ಲಿ ಮತ್ತೆ ನಿಂತಿತು. ಕಡಲ ತೀರಕ್ಕೆಂದು ಹೊರಟಿದ್ದ ಈ ಪ್ರವಾಸದಲ್ಲಿ ಬರೆಯುವಷ್ಟು ನನ್ನನ್ನು ಅಲುಗಿಸಿದ್ದು ಬೆಟ್ಟದಾಚೆಯ ಊರಿನಲ್ಲಿ ಕಳೆದ ಒಂದು ಮಧ್ಯಾಹ್ನ ಮತ್ತು ಅದರ ಬೆನ್ನಿಗೆ ಬಂದ ಸಂಜೆ. ಉಳಿದ ದಿನಗಳ ಬಗ್ಗೆ ಹೇಳಲು ವಿಶೇಷವೇನೂ ಇಲ್ಲ.

ಕಾರು ಗೆಳೆಯನದು. ಹೊರಡುವ ಮುನ್ನವಷ್ಟೇ ಅವನು 12 ಇಂಚಿನ ಸಬ್‌ವೂಫರನ್ನು ಪೋರ್ಟ್ (ಗಾಳಿಯಾಡುವ ಕಂಡಿ) ಇರುವ ದೊಡ್ಡ ಪೆಟ್ಟಿಗೆಯಲ್ಲಿ ಕೂರಿಸಿಕೊಂಡಿದ್ದ. ನನಗೆ ಆ ಸದ್ದು ಮೊದಲಿನಿಂದಲೂ ಹಿಡಿಸಿರಲಿಲ್ಲ. ಒಂದೇ ಸ್ವರಕ್ಕೆ ಎದ್ದು ಕುಣಿಯುವ, ಉಳಿದ ಸ್ವರಗಳಿಗೆ ತೂಕಡಿಸುವ ತಳದ ನಾದ (ಬಾಸ್) ಅದು. ನಂಬರ್ ಪ್ಲೇಟ್ ನಡುಗಿದರೆ ಸಾಕೆನ್ನುವವರಿಗೆ ಒಪ್ಪೀತು. ಆದರೆ ಬೆಟ್ಟದಲ್ಲಿ ಅದು ಕೈಕೊಟ್ಟದ್ದಕ್ಕೆ ಅಭಿರುಚಿ ಕಾರಣವಾಗಿರಲಿಲ್ಲ. ಏರಿನಲ್ಲಿ ಎಂಜಿನ್ ಅಬ್ಬರಿಸಿದಷ್ಟೂ ಗೆಳೆಯ ವಾಲ್ಯೂಮ್ ಏರಿಸುತ್ತಿದ್ದ, ವಾಲ್ಯೂಮ್ ಏರಿದಷ್ಟೂ ಆಂಪ್ಲಿಫೈಯರ್ ಬಿಸಿಯಾಗುತ್ತಿತ್ತು.

ಬೆಟ್ಟವಿಳಿದ ಮೇಲೆ ಸಿಕ್ಕ ಊರಿನಲ್ಲಿ, ಕಾರಿನ ಧ್ವನಿ ವ್ಯವಸ್ಥೆಯನ್ನೇ ಕಸುಬಾಗಿಸಿಕೊಂಡಿದ್ದ ತಂತ್ರಜ್ಞರೊಬ್ಬರ ಬಳಿ ಹೋದೆವು. ಅವರು ಆಂಪ್ಲಿಫೈಯರನ್ನು ಮುಟ್ಟಲೇ ಇಲ್ಲ. ಡಿಕ್ಕಿ ತೆಗೆಸಿ, ಪೆಟ್ಟಿಗೆಯ ಹಿಂಬದಿಯ ತಂತಿಗಳನ್ನು ಬಿಚ್ಚಿ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಆನಿಸಿದರು. ಕರೆಂಟಿಗೆ ಒಡ್ಡುವ ಅಡ್ಡಿಯ ಓದು 1 ಓಮ್‌ನ ಆಸುಪಾಸಿನಲ್ಲಿ ನಿಂತಿತು.

"ಇದರಲ್ಲಿ ಸ್ಪೀಕರನ್ನು ಅಲುಗಿಸುವ ತಂತಿ ಸುರುಳಿಗಳು, ಅಂದರೆ ಕಾಯಿಲ್, ಎರಡಿವೆ, ಒಂದೊಂದೂ 2 ಓಮ್. ಸಮಾಂತರವಾಗಿ ಜೋಡಿಸಿದ್ದರಿಂದ 1 ಓಮ್ ಆಗಿದೆ. ನಿಮ್ಮ ಆಂಪ್ಲಿಫೈಯರ್ ಎಷ್ಟಕ್ಕೆ ತಡೆಯುತ್ತದೆ?" ಎಂದು ಕೇಳಿದರು.

ಗೆಳೆಯ ಕೈಪಿಡಿ ತೆಗೆದ. 4 ಓಮ್‌ಗೆ 300 ವ್ಯಾಟ್, 2 ಓಮ್‌ಗೆ 500 ವ್ಯಾಟ್. ಅದಕ್ಕಿಂತ ಕೆಳಗಿನ ಸಾಲೇ ಇರಲಿಲ್ಲ.

"ಇಲ್ಲದ ಸಾಲಿನ ಮೇಲೆ ಓಡಿಸುತ್ತಿದ್ದೀರಿ. ಓಮ್ ಇಳಿದಷ್ಟೂ ಹೆಚ್ಚು ಕರೆಂಟ್ ಹರಿಯುತ್ತದೆ. ತಡೆಯಲಾರದಾಗ ಅದು ತನ್ನನ್ನು ಉಳಿಸಿಕೊಳ್ಳಲು ಕಣ್ಣು ಮುಚ್ಚುತ್ತದೆ. ಕೆಟ್ಟಿಲ್ಲ, ಬುದ್ಧಿಯಿಂದ ನಡೆದುಕೊಂಡಿದೆ."

ಸಬ್‌ವೂಫರಿನ ಮೇಲೆ 1,200 ವ್ಯಾಟ್ ಎಂದು ಬರೆದಿದೆಯಲ್ಲ, ಅದಕ್ಕೆ ಈ ಆಂಪ್ಲಿಫೈಯರ್ ಚಿಕ್ಕದಾಗಲಿಲ್ಲವೇ ಎಂದು ಗೆಳೆಯ ಪಟ್ಟು ಹಿಡಿದ. ಅವರು ನಕ್ಕರು. ಅದು ಕ್ಷಣಮಾತ್ರದ ಪೀಕ್ ಅಂಕಿ, ಮಾರಲಿಕ್ಕಾಗಿ ಬರೆದದ್ದು. ಎಡೆಬಿಡದೆ ತಾಳಬಲ್ಲ ಶಕ್ತಿಯನ್ನು ಆರ್‌ಎಂಎಸ್ ಅಂಕಿಯಲ್ಲಿ ನೋಡಬೇಕು ಎಂದರು. ಹುಡುಕಿದಾಗ ಸಿಕ್ಕಿದ್ದು 300. ಎರಡು ಕಾಯಿಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 4 ಓಮ್. 4 ಓಮ್‌ಗೆ ಆಂಪ್ಲಿಫೈಯರ್ ಕೊಡುವುದೂ 300. ಸರಿಯಾದ ಜೋಡಿ ಮೊದಲೇ ಕಾರಿನಲ್ಲಿತ್ತು, ತಂತಿಯೊಂದು ತಪ್ಪು ಜಾಗಕ್ಕೆ ಹೋಗಿತ್ತು, ಅಷ್ಟೆ. ವ್ಯಾಟ್ ಅರ್ಧವಾಗಿಬಿಟ್ಟರೂ 3 ಡೆಸಿಬೆಲ್ ಮಾತ್ರ ಕಡಿಮೆಯಾಗುತ್ತದೆ, ಕಿವಿಗೆ ಅದು ದೊಡ್ಡ ನಷ್ಟವಲ್ಲ ಎಂದೂ ಅವರು ಸಮಾಧಾನ ಹೇಳಿದರು.

ನನ್ನ ಸಿಟ್ಟು ಇಂದಿಗೂ ಆರದಿರುವುದು ಫ್ಯೂಸ್ ವಿಷಯದಲ್ಲಿ. ಮೊದಲು ಕೂರಿಸಿಕೊಟ್ಟ ಅಂಗಡಿಯವರು ಮುಖ್ಯ ಫ್ಯೂಸನ್ನು ಬ್ಯಾಟರಿಯ ಬಳಿ ಇಡುವ ಬದಲು ಸೀಟಿನಡಿ, ಆಂಪ್ಲಿಫೈಯರಿನ ಪಕ್ಕದಲ್ಲಿ ಇಟ್ಟಿದ್ದರು. ಬಾನೆಟ್‌ನಿಂದ ಅಲ್ಲಿಯವರೆಗೆ ಬರುವ ಕೇಬಲ್ ಎಲ್ಲಾದರೂ ಉಜ್ಜಿ ಸುಲಿದು ಕಾರಿನ ಲೋಹಕ್ಕೆ ತಾಗಿದರೆ ಆ ಫ್ಯೂಸ್ ಸುಟ್ಟು ಕಾಪಾಡುವ ಪ್ರಶ್ನೆಯೇ ಬರುವುದಿಲ್ಲ, ಏಕೆಂದರೆ ಕರೆಂಟ್ ಅದನ್ನು ತಲುಪುವ ಮೊದಲೇ ದಾರಿ ಕಂಡುಕೊಂಡಿರುತ್ತದೆ. ಸುಡುವುದು ಕೇಬಲ್, ಆಮೇಲೆ ಕಾರು. ಆದ್ದರಿಂದ ದೂರ ಪ್ರಯಾಣ ಹೊರಡುವ ಮುನ್ನ ಬಾನೆಟ್ ತೆರೆದು, ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ. ದಪ್ಪಗೆ ಕಂಡ ಕೇಬಲ್ ಕೂಡ ಒಳಗೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಆಗಿತ್ತು. ದಪ್ಪವೆಲ್ಲ ಪ್ಲಾಸ್ಟಿಕ್ ಹೊದಿಕೆಯದು.

ತಂತಿ ಬದಲಾದ ಮೇಲೆ ಗೇನ್ ಹೊಂದಿಸುವ ಸರದಿ. ಅದನ್ನು ವಾಲ್ಯೂಮ್ ಗುಂಡಿಯೆಂದು ತಿಳಿದು ತಿರುಗಿಸುವವರೇ ಹೆಚ್ಚು. ಅದರ ಕೆಲಸ ಸ್ಟೀರಿಯೊ ಕಳಿಸುವ ವೋಲ್ಟೇಜಿಗೆ ಆಂಪ್ಲಿಫೈಯರನ್ನು ಹೊಂದಿಸುವುದು. ಅವರು ಸಬ್‌ವೂಫರಿನ ತಂತಿ ಬಿಚ್ಚಿಟ್ಟು, ಸ್ಟೀರಿಯೊದ ವಾಲ್ಯೂಮನ್ನು ಮುಕ್ಕಾಲಿಗೆ ತಂದು, 50 ಹರ್ಟ್ಸ್‌ನ ಸ್ವರವನ್ನು ಹಾಕಿ, ಆಂಪ್ಲಿಫೈಯರಿನ ಬಾಯಲ್ಲಿ ಮೀಟರ್ ಹಿಡಿದರು. ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಸಿಗುತ್ತದೆ. 300ಕ್ಕೂ 4ಕ್ಕೂ ಅದು 34.6. ಸಣ್ಣ ಸ್ಕ್ರೂ ಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತಾ ಮೀಟರ್ ಅಲ್ಲಿಗೆ ಬಂದೊಡನೆ ಕೈ ತೆಗೆದರು. ಅದಕ್ಕಿಂತ ಮೇಲೆ ತಳ್ಳಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಆ ಕತ್ತರಿಸಿದ ಅಲೆಯ ಬಿಸಿಯೇ ಕಾಯಿಲ್ ಸುಡುವುದು ಎಂದರು.

ನಾವು ಹೊರಡಬಹುದಿತ್ತು. ಗೆಳೆಯ ಸದ್ದು ಪರೀಕ್ಷಿಸಲು ನಿಂತಲ್ಲೇ ಹಾಡು ಹಾಕಿದಾಗ ಅವರಿಗೆ ಏನನ್ನಿಸಿತೋ, "ನಿಂತ ಕಾರಿನಲ್ಲಿ ಎಲ್ಲ ಸಬ್‌ವೂಫರೂ ಚೆಂದ. ಬನ್ನಿ, ನನ್ನ ಕಾರಿನಲ್ಲಿ ಒಂದು ಸುತ್ತು ಹೋಗೋಣ" ಎಂದು ಕರೆದರು. ಅವರ ಕಾರಿನ ಡಿಕ್ಕಿಯಲ್ಲಿದ್ದದ್ದು 10 ಇಂಚಿನ ಒಂದೇ ಸಬ್‌ವೂಫರ್, ಪೂರ್ತಿ ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ. ನಿಂತಾಗ ಕೇಳಿದರೆ ಏನೂ ವಿಶೇಷವಿರಲಿಲ್ಲ. ಗೆಳೆಯ ಮೂಗು ಮುರಿದ.

ಹೆದ್ದಾರಿಗೆ ಬಂದ ಮೇಲೆ ಮಾತು ಬೇರೆಯಾಯಿತು. ಟೈರು, ಗಾಳಿ, ಎಂಜಿನ್ ಸೇರಿ ಮಾಡುವ ಗದ್ದಲದ ಹೆಚ್ಚಿನ ಪಾಲು ತಳದ ಸ್ವರಗಳಲ್ಲೇ ಇರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2,400 ಸುತ್ತಿನಲ್ಲಿ ಓಡುವಾಗ ಅದರ ಉರಿತದ ಗುಂಯ್‌ಗುಡುವಿಕೆ 80 ಹರ್ಟ್ಸ್‌ಗೆ ಬೀಳುತ್ತದೆ, ಅಂದರೆ ಬಾಗಿಲಿನ ಸ್ಪೀಕರುಗಳು ಸಬ್‌ವೂಫರಿಗೆ ಕೆಲಸ ಒಪ್ಪಿಸುವ ಗಡಿಯ ಮೇಲೆಯೇ. ನಮ್ಮ ಕಾರಿನಲ್ಲಿ ಆ ಜಾಗದಲ್ಲಿ ಎಂಜಿನ್ನೂ ಬಾಸೂ ಕಲಸಿಹೋಗುತ್ತಿದ್ದವು. ಇಲ್ಲಿ ಮೃದಂಗದ ಎಡಗೈ ಪೆಟ್ಟು ರಸ್ತೆಯ ಗದ್ದಲದ ಅಡಿಯಿಂದ, ಪೆಟ್ಟಿನ ತುದಿಯಲ್ಲಿ ಚರ್ಮ ಸಡಿಲುವ ಎಳೆಯೂ ಸಹಿತ, ಬಿಡಿಯಾಗಿ ಕೇಳಿಸಿತು. ಡಿಕ್ಕಿಯಲ್ಲಿ ಪೆಟ್ಟಿಗೆ ಇದೆಯೆಂಬುದೇ ಮರೆತುಹೋಗಿ, ನಾದ ಮುಂಗಾಜಿನ ಕಡೆಯಿಂದ ಬರುತ್ತಿದೆ ಅನ್ನಿಸಿತು. ಗೆಳೆಯ ಮಾತಾಡಲಿಲ್ಲ, ಅವನ ಮಟ್ಟಿಗೆ ಅದು ದೊಡ್ಡ ಪ್ರಶಂಸೆ.

ಮುಚ್ಚಿದ ಪೆಟ್ಟಿಗೆಯ ಸದ್ದು ಕೆಳಗಿಳಿಯುತ್ತಾ ಒಂದೊಂದು ಆಕ್ಟೇವಿಗೆ (ಹರ್ಟ್ಸ್ ಅರ್ಧಕ್ಕಿಳಿಯುವ ಪ್ರತಿ ಮೆಟ್ಟಿಲಿಗೆ) 12 ಡೆಸಿಬೆಲ್‌ನಂತೆ ಕುಸಿಯುತ್ತದೆ. ಕಾರಿನ ಮುಚ್ಚಿದ ಒಳಾವರಣ ಹೆಚ್ಚುಕಡಿಮೆ ಅಷ್ಟನ್ನೇ ಎತ್ತಿಕೊಡುತ್ತದೆ ಎಂದು ಅವರು ಓಡಿಸುತ್ತಲೇ ವಿವರಿಸಿದರು. ಪೋರ್ಟ್ ಇರುವ ಪೆಟ್ಟಿಗೆ ತನ್ನ ಶ್ರುತಿಯ ಸ್ವರದಲ್ಲಿ ಹೆಚ್ಚು ಗಟ್ಟಿ, ಅದರ ಕೆಳಗೆ 24 ಡೆಸಿಬೆಲ್‌ನಂತೆ ಜಾರುತ್ತದೆ. ಮಾತು ನಿಜವೇ ಎಂದು ತೋರಿಸಲು ಅವರು ನಾಲ್ಕೂ ಕಿಟಕಿ ಇಳಿಸಿದರು: ತಳದ ಆ ನಾದ ಗಾಳಿಯ ಜೊತೆ ಹೊರಗೆ ಹೋಯಿತು. ಗಾಜು ಏರಿಸಿದಾಗ ಎದೆಯ ಮೇಲೆ ಮೆಲ್ಲಗೆ ಒತ್ತಡ ಮರಳಿತು.

ಕಡಲು ನೋಡಿದೆವು, ಚೆನ್ನಾಗಿತ್ತು. ವಾಪಸು ಬಂದ ಮೇಲೆ ಗೆಳೆಯ 12 ಇಂಚಿನ ಪೆಟ್ಟಿಗೆಯನ್ನು ಬಿಟ್ಟುಕೊಟ್ಟು 10 ಇಂಚಿನದನ್ನು ತಂದ; 300 ವ್ಯಾಟ್ ಆರ್‌ಎಂಎಸ್, 2 ಓಮ್‌ನ ಎರಡು ಕಾಯಿಲ್ ಇರುವುದನ್ನೇ ನೋಡಿ ತಂದದ್ದರಿಂದ ಆಂಪ್ಲಿಫೈಯರ್ ಬದಲಿಸಬೇಕಾಗಲಿಲ್ಲ. ಇಂಥದ್ದೇ ಇನ್ನೊಂದನ್ನು ಸೇರಿಸಿದರೆ, 4 ಓಮ್‌ನ ಎರಡು ಸಮಾಂತರವಾಗಿ 2 ಓಮ್ ಆಗಿ, 500 ವ್ಯಾಟ್‌ನಲ್ಲಿ ತಲಾ 250 ಸಿಗುತ್ತದೆಂದು ಅವನು ಈಗಾಗಲೇ ಲೆಕ್ಕ ಹಾಕಿಟ್ಟಿದ್ದಾನೆ. ಲೆಕ್ಕ ಸರಿಯಾಗಿದೆ; ನಮ್ಮ ಬ್ಯಾಗುಗಳನ್ನು ಎಲ್ಲಿಡುವುದೆಂಬ ನನ್ನ ಪ್ರಶ್ನೆಗೆ ಮಾತ್ರ ಅವನು ಇನ್ನೂ ಉತ್ತರ ಕೊಟ್ಟಿಲ್ಲ.